ಮೊದಲು ಸಹಿ, ಆಮೇಲೆ ಠರಾವು

ಶಾಲಾ ಕಮಿಟಿಗೆ ಅಧ್ಯಕ್ಷ ನಾನೇ ಎಂದು ತೀರ್ಮಾನಿಸಿಕೊಂಡು ಅವತ್ತು ಇಸ್ತ್ರಿ ಷರಟು ಹಾಕಿಕೊಂಡು ಹೋಗಿದ್ದೆ. ತೀರ್ಮಾನಿಸಿದ್ದು ನಾನೊಬ್ಬನೇ ಎಂಬುದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಊಟಿಯಿಂದ ಗೂಡಲೂರಿಗೆ ಇಳಿಯುವ ರಸ್ತೆಯಲ್ಲಿ, ನಡುವಟ್ಟಂ ದಾಟಿದ ಮೇಲೆ ಬರುವ ಒಂದು ಹಟ್ಟಿಯಲ್ಲಿ, ಅಂದರೆ ನೀಲಗಿರಿಯ ಬಡಗ ಜನರ ಊರಿನಲ್ಲಿ, ನನ್ನ ದಿನಸಿ ಅಂಗಡಿ. ನಾವು ಬಡಗರಲ್ಲ. ನನ್ನ ಅಜ್ಜ ಗುಂಡ್ಲುಪೇಟೆ ಕಡೆಯಿಂದ ಆಲೂಗೆಡ್ಡೆ ವ್ಯಾಪಾರಕ್ಕೆಂದು ಬೆಟ್ಟ ಹತ್ತಿದವರು. ಚಳಿ ಹಿಡಿಸಿತೋ ವ್ಯಾಪಾರ ಹಿಡಿಸಿತೋ, ಮತ್ತೆ ಇಳಿಯಲಿಲ್ಲ. ನನಗೆ ಕನ್ನಡ ಮನೆಯಲ್ಲಿ ಬಂತು, ತಮಿಳು ಶಾಲೆಯಲ್ಲಿ ಬಂತು, ಬಡಗ ಮಾತು ಅಂಗಡಿಯ ಗಲ್ಲಾದ ಮುಂದೆ ಬಂತು. ಅರ್ಜಿ, ಕಾಗದ ಏನೇ ಬರೆಸಬೇಕಿದ್ದರೂ ಹಟ್ಟಿಯವರು ನನ್ನ ಹತ್ತಿರವೇ ಬರುತ್ತಿದ್ದರು. ಅದು ಸ್ವಲ್ಪ ತಲೆಗೇರಿತ್ತು.

ಹೆಡ್‌ಮಾಸ್ಟರು ಎದ್ದು ನಿಂತು ನಿಯಮ ಓದಿದರು. ಕಮಿಟಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಮಕ್ಕಳ ಹೆತ್ತವರೇ ಇರಬೇಕು, ಒಟ್ಟಿನಲ್ಲಿ ಅರ್ಧದಷ್ಟು ಹೆಂಗಸರಿರಬೇಕು, ಅಧ್ಯಕ್ಷಸ್ಥಾನ ಶಾಲೆಯಲ್ಲಿ ಓದುವ ಮಗುವಿನ ತಾಯಿಗೆ. ಈ ಕೊನೆಯ ಮಾತು ಕೇಳಿದಾಗ ನನ್ನ ಷರಟಿನ ಕಾಲರು ಬಿಗಿಯಾಯಿತು. ಕೈ ಎತ್ತಿಸಿ ಆರಿಸಿದ್ದು ಹಟ್ಟಿಯ ಒಬ್ಬ ಹೆಂಗಸನ್ನು. ತನ್ನದೇ ಎರಡು ತುಂಡು ಟೀ ತೋಟದಲ್ಲಿ ತಾನೇ ಎಲೆ ಕೀಳುವವಳು, ಎರಡು ಮಕ್ಕಳ ತಾಯಿ, ಎಂಟನೆಯ ಕ್ಲಾಸಿನವರೆಗೆ ಓದಿದವಳು. ನನ್ನ ಪಾಲಿಗೆ ಬಂದದ್ದು ಬರೀ ಸದಸ್ಯತ್ವ. ಮನೆಗೆ ಬಂದು ಗೊಣಗಿದೆ. ಷರಟನ್ನು ಒಗೆಯುವುದು ಬೇಡ, ಮಡಿಸಿಡುತ್ತೇನೆ, ಮುಂದಿನ ಸಲ ನಾನು ಅಧ್ಯಕ್ಷಳಾದಾಗ ನೀವು ಹಾಕಿಕೊಂಡು ಚಹಾ ಹಂಚುವಿರಂತೆ ಎಂದಳು ಹೆಂಡತಿ. ನಮ್ಮ ಮಗಳು ನಾಲ್ಕನೆಯ ಕ್ಲಾಸಿನಲ್ಲಿದ್ದಳು, ಅವಳೂ ನಕ್ಕಳು.

ಅಧ್ಯಕ್ಷೆಗೆ ತಮಿಳಿನಲ್ಲಿ ತಲೈವಿ ಅನ್ನುತ್ತಾರೆ. ಮೊದಲು ಹಟ್ಟಿಯ ಗಂಡಸರು ತಮಾಷೆಗೆ ಆ ಹೆಸರಿನಿಂದ ಕರೆದರು. ಅವಳು ತಮಾಷೆ ಎಂದು ತಿಳಿಯದವಳ ಹಾಗೆ ಪ್ರತಿ ಸಲವೂ ಓಗೊಟ್ಟು, ಏನು ಬೇಕಿತ್ತು ಎಂದು ಕೇಳುತ್ತಿದ್ದಳು. ಸ್ವಲ್ಪ ದಿನದಲ್ಲೇ ತಮಾಷೆ ಕಳಚಿ ಹೆಸರು ಮಾತ್ರ ಉಳಿಯಿತು.

ಕಮಿಟಿಯ ಕೆಲಸವೇನು ಎಂದು ಹೇಳುವ ಒಂದು ತಮಿಳು ಕೈಪಿಡಿ ಕೊಟ್ಟಿದ್ದರು. ನಾನು ಅದನ್ನು ಅಂಗಡಿಯಲ್ಲಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದೆ. ಅವಳು ತನ್ನದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಎಲೆ ತುಂಬುವ ಬುಟ್ಟಿಯಲ್ಲೇ ಇಟ್ಟುಕೊಂಡಿದ್ದಳು. ಬೆಳಿಗ್ಗೆ ತೋಟಕ್ಕೆ ಹೋಗುವಾಗ ಅಂಗಡಿಯ ಮುಂದೆ ನಿಂತು, ಅಣ್ಣ, ಒಂದು ಪುಟ ಓದಿ ಎನ್ನುವಳು. ತಾನೂ ಓದಬಲ್ಲಳು, ಬೆರಳಿಟ್ಟು ನಿಧಾನವಾಗಿ; ಆದರೆ ಸರ್ಕಾರಿ ತಮಿಳು ಸುಲಭಕ್ಕೆ ಬಾಯಿಗೆ ಸಿಗುವಂಥದ್ದಲ್ಲ. ದಿನಕ್ಕೆ ಒಂದೇ ಪುಟ, ಹೆಚ್ಚಿಲ್ಲ. ಅವಳ ಮಾತು ಬಡಗ, ನನ್ನದು ಗುಂಡ್ಲುಪೇಟೆ ಕಡೆಯ ಕನ್ನಡ. ಇಬ್ಬರೂ ಸ್ವಲ್ಪ ಸ್ವಲ್ಪ ಸರಿದುಕೊಂಡರೆ ಮಾತು ನಡೆದುಹೋಗುತ್ತಿತ್ತು. ಪ್ರತಿ ಪುಟ ಮುಗಿದಾಗಲೂ ಅವಳದು ಒಂದೇ ಪ್ರಶ್ನೆ: ಇದು ನಾವು ಮಾಡಬಹುದಾದದ್ದೋ, ಮಾಡಲೇಬೇಕಾದದ್ದೋ? ನಾನು ಸಾಲಿನ ಕೊನೆ ನೋಡಿ ಹೇಳುತ್ತಿದ್ದೆ. ಮಾಡಲೇಬೇಕಾದದ್ದು ಎಂದರೆ ಪುಟದ ಮೂಲೆ ಮಡಿಸುವಳು. ಕೈಪಿಡಿ ಮುಗಿಯುವ ಹೊತ್ತಿಗೆ ಮೂಲೆ ಮಡಿಸದ ಪುಟ ಬಹಳ ಉಳಿದಿರಲಿಲ್ಲ.

ಮಧ್ಯಾಹ್ನದ ಊಟ ನೋಡಿಕೊಳ್ಳುವುದು ಕಮಿಟಿಯ ಕೆಲಸ ಎಂದು ಓದಿದ ವಾರವೇ ಅವಳು ತಟ್ಟೆ ತೆಗೆದುಕೊಂಡು ಮಕ್ಕಳ ಸಾಲಿನಲ್ಲಿ ಕೂತಳು. ಯಾರಿಗೂ ಹೇಳಿರಲಿಲ್ಲ. ಸಾಂಬಾರಿನಲ್ಲಿ ಬೇಳೆ ಕಾಳುಕಾಳಾಗಿ ತೇಲುತ್ತಿತ್ತು. ನಾನಾಗಿದ್ದರೆ ಅಡಿಗೆಯವಳ ಮೇಲೆ ಹಾರಾಡುತ್ತಿದ್ದೆ. ಹಾಗೆ ಹಾರಾಡುವುದೇ ಅಧಿಕಾರ ಎಂದು ನಾನು ತಿಳಿದಿದ್ದ ಕಾಲ ಅದು. ಅವಳು ಉಂಡು, ತಟ್ಟೆ ತೊಳೆದು, ಅಡಿಗೆಮನೆಗೆ ಹೋಗಿ ಕುಕ್ಕರಿನ ಮುಚ್ಚಳ ತಿರುಗಿಸಿ ನೋಡಿದಳು. ರಬ್ಬರು ಸೀಳಿತ್ತು. ನಮ್ಮ ಎತ್ತರದಲ್ಲಿ ಕುಕ್ಕರು ಕೈಕೊಟ್ಟರೆ ಬೇಳೆ ಸಂಜೆಯವರೆಗೂ ಬೇಯುವುದಿಲ್ಲ. ಮುಂದಿನ ಸೋಮವಾರ ಹೊಸ ರಬ್ಬರು ಬಂತು, ಬೇಳೆ ಕರಗಿತು. ಅಡಿಗೆಯವಳು ಅವಳ ಕಡೆಗಾದಳು. ಇಂಥ ಸಂಗತಿಗಳನ್ನು ಒಂದೊಂದಾಗಿ ನೋಡುತ್ತಾ ನನ್ನ ಸಿಟ್ಟು ಇಳಿಯಿತು. ನಿಜ ಹೇಳಬೇಕೆಂದರೆ ಅವಳ ಬಗ್ಗೆ ಹೆಮ್ಮೆಯೇ ಬಂತು, ನಾನೇ ಆರಿಸಿ ತಂದವನ ಹಾಗೆ.

ಇಷ್ಟೆಲ್ಲ ನೋಡಿಯೂ ನಾವೆಲ್ಲರೂ ಸೇರಿ ಒಂದು ತಪ್ಪು ಮಾಡುತ್ತಲೇ ಇದ್ದೆವು. ಅದು ಲೀಫ್ ಶೆಡ್ಡಿನಿಂದ ಬಂದ ರೂಢಿ. ಕಿತ್ತ ಟೀ ಎಲೆಯನ್ನು ತೂಗಿ ಫ್ಯಾಕ್ಟರಿಯ ವ್ಯಾನಿಗೆ ಹಾಕುವ ತಗಡಿನ ಮಾಡು ಅದು. ಅಲ್ಲಿ ಒಂದು ಪುಸ್ತಕ ಇರುತ್ತದೆ. ಬೆಳಿಗ್ಗೆ ತೋಟಕ್ಕೆ ಹೋಗುವಾಗಲೇ ಎಲ್ಲರೂ ಅದರಲ್ಲಿ ಸಹಿ ಹಾಕಿ ಹೋಗುತ್ತಾರೆ, ತೂಕವನ್ನು ಸಂಜೆ ಏಜೆಂಟು ತುಂಬಿಕೊಳ್ಳುತ್ತಾನೆ. ಸಂಜೆ ವ್ಯಾನು ಬಂದಾಗ ಎಲ್ಲರ ಕೈಯೂ ಒದ್ದೆ, ಬೆರಳೆಲ್ಲ ಎಲೆಯ ಕರೆ, ಪೆನ್ನು ಹಿಡಿಯಲು ಯಾರಿಗೂ ಪುರುಸೊತ್ತಿಲ್ಲ. ಇದನ್ನು ಯಾರೂ ಮೋಸ ಎಂದುಕೊಂಡಿಲ್ಲ, ಅಲ್ಲಿ ಮೋಸ ನಡೆದದ್ದನ್ನು ನಾನೂ ಕಾಣೆ. ಕಮಿಟಿಯ ಸಭೆ ತಿಂಗಳಿಗೊಂದು ಶುಕ್ರವಾರ, ಮಧ್ಯಾಹ್ನ ಮೂರಕ್ಕೆ. ವ್ಯಾನು ಬರುವುದು ನಾಲ್ಕಕ್ಕೆ. ಹಾಗಾಗಿ ಕಮಿಟಿಯ ಠರಾವು ಪುಸ್ತಕಕ್ಕೂ ಅದೇ ಪದ್ಧತಿ ಅಂಟಿಕೊಂಡಿತು. ಪುಸ್ತಕ ಮೂರು ದಿನ ಮೊದಲೇ ನನ್ನ ಅಂಗಡಿಗೆ ಬರುತ್ತಿತ್ತು. ಸಕ್ಕರೆ, ಎಣ್ಣೆ ಕೊಳ್ಳಲು ಬಂದ ಹೆಂಗಸರು ಖಾಲಿ ಹಾಳೆಯ ಕೆಳಗೆ ಸಹಿ ಹಾಕಿ ಹೋಗುತ್ತಿದ್ದರು. ಮೇಲಿನ ಜಾಗದಲ್ಲಿ ಆಮೇಲೆ ಠರಾವು ಬರೆಯುವವನು ನಾನು, ಅಕ್ಷರ ಚೆನ್ನಾಗಿದೆ ಎಂದು. ತಲೈವಿ ಪ್ರತಿ ಸಭೆಗೂ ಬಂದು ಕೂತು ಮಾತಾಡುತ್ತಿದ್ದಳು. ಅವಳಿದ್ದುದರಿಂದ ಬರೆದದ್ದಕ್ಕೂ ಮಾತಾಡಿದ್ದಕ್ಕೂ ಅಂತರ ಬೀಳುತ್ತಿರಲಿಲ್ಲ.

ಆ ವರ್ಷ ಜುಲೈ ತಿಂಗಳಲ್ಲಿ ಅವಳು ತಂಗಿಯ ಹೆರಿಗೆಗೆಂದು ಕೋಟಗಿರಿಗೆ ಹೋದಳು. ಎರಡು ಮೂರು ವಾರ ಬರುವುದಿಲ್ಲ, ಕೆಲಸ ನಿಲ್ಲಬಾರದು ಎಂದು ಹೋಗುವಾಗ ಪುಸ್ತಕದಲ್ಲಿ ಸಹಿ ಹಾಕಿ ಹೋದಳು. ಅಷ್ಟು ಹುಷಾರಿನವಳಿಗೂ ಇದು ತಪ್ಪು ಎಂದು ಹೊಳೆಯಲಿಲ್ಲ.

ಇನ್ನು ಮೂರನೆಯ ಕ್ಲಾಸಿನ ಹುಡುಗಿಯ ವಿಷಯ ಹೇಳಬೇಕು. ಎಂಟು ವರ್ಷ. ಹುಟ್ಟಿನಿಂದಲೇ ಎರಡು ಕಾಲಿಗೂ ಬಲವಿಲ್ಲ. ಸಮತಟ್ಟಾದ ನೆಲದಲ್ಲಿ ಗೋಡೆ ಹಿಡಿದು ನಡೆಯುತ್ತಾಳೆ, ಮೆಟ್ಟಿಲು ಆಗದು. ಅವಳ ತಾಯಿಯೂ ನಮ್ಮ ಕಡೆಯವಳೇ, ಚಾಮರಾಜನಗರದ ಕಡೆಯಿಂದ ಬಂದು ಬೇರೆಯವರ ತೋಟದಲ್ಲಿ ಕೂಲಿಗೆ ಎಲೆ ಕೀಳುವವಳು. ಇಂಥ ಮಗುವಿನ ತಾಯಿಗೆ ಉಪಾಧ್ಯಕ್ಷಸ್ಥಾನ ಕೊಡಬೇಕೆಂಬ ನಿಯಮದಂತೆ ಅವಳು ನಮ್ಮ ಉಪಾಧ್ಯಕ್ಷೆ. ಬಾಗಿಲ ಹತ್ತಿರ ನೆಲದ ಮೇಲೆ ಕೂತಿದ್ದು, ಚಹಾ ಕುಡಿದು, ಮೊದಲು ಎದ್ದು ಹೋಗುವ ಉಪಾಧ್ಯಕ್ಷೆ. ನಮ್ಮ ಶಾಲೆ ಇಳಿಜಾರಿನಲ್ಲಿ ಎರಡು ಮಜಲಾಗಿ ಕಟ್ಟಿದ್ದು. ರಸ್ತೆಯ ಮಟ್ಟದಲ್ಲಿ ಮೂರು ಕೋಣೆ, ಒಂದು ಹೆಡ್‌ಮಾಸ್ಟರದು, ಎರಡು ಒಂದನೆಯ ಮತ್ತು ಎರಡನೆಯ ಕ್ಲಾಸಿನದು. ಮೂರರಿಂದ ಐದು ಮೇಲಿನ ಮಜಲಿನಲ್ಲಿ, ಹೊರಗಿನಿಂದ ಹತ್ತುವ ಪಾಚಿಗಟ್ಟಿದ ಕಲ್ಲುಮೆಟ್ಟಿಲು. ಎರಡನೆಯ ಕ್ಲಾಸಿನವರೆಗೆ ಹುಡುಗಿ ಒಂದು ದಿನವೂ ತಪ್ಪಿಸಿದವಳಲ್ಲ. ಮೂರನೆಯ ಕ್ಲಾಸಿಗೆ ಬಂದ ಮೇಲೆ ತಾಯಿ ಬೆನ್ನ ಮೇಲೆ ಹೊತ್ತು ಹತ್ತಿಸಬೇಕಾಯಿತು. ತಾಯಿಯ ಕೆಲಸ ಎಂಟಕ್ಕೆ ಶುರು, ಶಾಲೆ ತೆಗೆಯುವುದು ಒಂಬತ್ತರ ಮೇಲೆ. ಮಳೆ ಹಿಡಿದ ಮೇಲೆ ಒಮ್ಮೆ ಇಬ್ಬರೂ ಜಾರಿ ಬಿದ್ದರು. ಅಲ್ಲಿಂದ ಹುಡುಗಿ ವಾರಕ್ಕೆ ಒಂದು ದಿನ ಬಂದರೆ ಹೆಚ್ಚು.

ಹೆಡ್‌ಮಾಸ್ಟರು ಬಯಲುಸೀಮೆಯಿಂದ ವರ್ಗವಾಗಿ ಬಂದವರು, ಒಳ್ಳೆಯ ಮನುಷ್ಯ, ಚಳಿಗೆ ಎರಡು ಸ್ವೆಟರು ಹಾಕುವವರು. ಅವರಿಗೆ ಹುಡುಗಿಯದೇ ಚಿಂತೆ. ಊಟಿಯಲ್ಲಿ ಇಂಥ ಮಕ್ಕಳಿಗೆಂದೇ ಹಾಸ್ಟೆಲು ಇರುವ ಶಾಲೆ ಇದೆ, ಸೀಟು ಸಿಗುವುದು ಕಷ್ಟ, ಕಮಿಟಿಯ ಠರಾವಿದ್ದರೆ ಬೇಗ ಆಗುತ್ತದೆ ಎಂದು ಅಂಗಡಿಗೆ ಬಂದು ಹೇಳಿದರು. ಪುಸ್ತಕದಲ್ಲಿ ಸಹಿಗಳೆಲ್ಲ ತಯಾರಾಗಿದ್ದವು. ಆ ಶುಕ್ರವಾರ ಮಳೆ ಎಂದು ಸಭೆ ಕೂಡಲಿಲ್ಲ. ನಾನು ಒಂದು ಚಹಾ ತರಿಸಿ, ನನ್ನ ತಮಿಳೆಲ್ಲವನ್ನೂ ಹಿಂಡಿ ಠರಾವು ಬರೆದೆ. ‘ತಾಯಿಯ ಪೂರ್ಣ ಸಮ್ಮತಿಯೊಂದಿಗೆ ಕಮಿಟಿ ಒಮ್ಮತದಿಂದ’ ಎಂಬ ಮಾತು ನನ್ನದೇ. ಹೆಡ್‌ಮಾಸ್ಟರು ಓದಿ ಮೆಚ್ಚಿದರು, ಅದರ ಒಂದು ಪ್ರತಿ ಊಟಿಯ ಶಿಕ್ಷಣ ಕಚೇರಿಗೆ ಹೋಯಿತು. ರಾತ್ರಿ ಊಟಕ್ಕೆ ಕೂತಾಗ, ಇವತ್ತು ಒಂದು ಒಳ್ಳೆಯ ಕೆಲಸ ಮಾಡಿದೆ ಎಂದು ಮನೆಯಲ್ಲಿ ಹೇಳಿಕೊಂಡೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಹತ್ತು ದಿನ ಕಳೆದು ಆ ತಾಯಿ ಅಂಗಡಿಗೆ ಬಂದಳು. ಒಂದು ಸ್ಟೀಲ್ ತಟ್ಟೆ, ಲೋಟ, ಸೋಪು, ಕೊಬ್ಬರಿ ಎಣ್ಣೆಯ ಚಿಕ್ಕ ಬಾಟಲಿ ಕೇಳಿದಳು. ಸೋಮವಾರ ಮಗಳನ್ನು ಬಿಟ್ಟು ಬರಬೇಕಂತೆ. ಸೋಪನ್ನು ಕೈಯಲ್ಲಿ ತಿರುಗಿಸುತ್ತಾ ನಿಂತಳು.

"ಅವ್ಳಿಗೆ ಒಬ್ಳೇ ಮಯ್ ತೊಳ್ಕಳಕ್ಕೆ ಬರಕಿಲ್ಲ ಕನಣ್ಣ," ಎಂದಳು. "ಅಲ್ಲಿ ಯಾರಾದ್ರೂ ತೊಳ್ದಾರಾ?"

ಅಲ್ಲಿ ಆಯಾಗಳಿರುತ್ತಾರೆ, ಒಳ್ಳೆಯ ಶಾಲೆ, ಅವಳ ಒಳ್ಳೆಯದಕ್ಕೇ ಎಂದೆ. ಕಮಿಟಿ ಮಾಡಿಬಿಟ್ಟ ಮೇಲೆ ನಾನು ಬೇಡ ಅನ್ನಕ್ಕಾದದಾ ಎಂದು ತನಗೆ ತಾನೇ ಹೇಳಿಕೊಂಡ ಹಾಗೆ ಹೇಳಿದಳು. ನಾನು ತಟ್ಟೆಗೆ ಕಾಗದ ಸುತ್ತುತ್ತಿದ್ದೆ. ಕೈ ಅಲ್ಲೇ ನಿಂತಿತು. ಹೆತ್ತವಳು ಬೇಡ ಅನ್ನಲಾಗದಂಥ ಒಂದು ಮಾತನ್ನು, ಅವಳದೇ ಸಮ್ಮತಿಯೆಂದು, ನಾನೇ ಬರೆದಿದ್ದೆ. ಆದರೂ ತಟ್ಟೆಯನ್ನು ಸುತ್ತಿ ಮುಗಿಸಿ ಅವಳ ಕೈಗೆ ಕೊಟ್ಟೆ.

ತಲೈವಿ ಕೋಟಗಿರಿಯಿಂದ ಹಿಂದಿನ ದಿನವಷ್ಟೇ ಬಂದಿದ್ದಳು. ಖಾಲಿ ಬುಟ್ಟಿ ಹೊತ್ತು ಅಂಗಡಿಯ ಕಡೆಗೇ ಬರುತ್ತಿದ್ದವಳ ಕಿವಿಗೆ ಈ ಮಾತು ಬಿತ್ತು. ಬುಟ್ಟಿ ಇಳಿಸಿ, ಯಾವ ಕಮಿಟಿ ಎಂದು ಕೇಳಿದಳು. ಮರುಗಳಿಗೆಯೇ ಶಾಲೆಗೆ ಹೋಗಿ ಪುಸ್ತಕ ತಂದು, ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು, ಬೆರಳಿಟ್ಟು ಓದತೊಡಗಿದಳು. ನನ್ನ ಅಲಂಕಾರದ ತಮಿಳು ಓದಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ನಾನು ಗಿರಾಕಿಗಳನ್ನು ನೋಡುವ ನೆಪದಲ್ಲಿ ಒಳಗೆ ಹೊರಗೆ ಓಡಾಡಿದೆ. ಮುಗಿಸಿದ ಮೇಲೆ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೆಳಗಿನ ಸಹಿಗಳ ಸಾಲಿನಲ್ಲಿ ಮೊದಲನೆಯದರ ಮೇಲೆ ಬೆರಳಿಟ್ಟಳು.

"ಎನ್ನ ಕೈಯೂ ಇಲ್ಲಿ ಇದೆ, ಅಣ್ಣ," ಎಂದಳು. "ನಿಂಗ ಒಬ್ಬರೇ ಬರೆದದ್ದು ಅಲ್ಲ."

ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ.

ಆ ವಾರದ ಶುಕ್ರವಾರವೇ ಸಭೆ ಕರೆದಳು. ಈ ಸಲ ಪುಸ್ತಕ ಅಂಗಡಿಗೆ ಬರಲಿಲ್ಲ. ಒಬ್ಬೊಬ್ಬರ ಮನೆಗೂ ತಾನೇ ಹೋಗಿ ಹೇಳಿದಳು. ಎಲೆ ವ್ಯಾನಿನ ಸಮಯ ಎಂದು ತಪ್ಪಿಸಿಕೊಳ್ಳುವಂತಿಲ್ಲ, ಎಲೆಯ ಚೀಲವನ್ನು ಶಾಲೆಗೇ ತನ್ನಿ, ವ್ಯಾನು ಶಾಲೆಯ ಗೇಟಿಗೇ ಬರುತ್ತದೆ ಎಂದಳು. ಏಜೆಂಟನಿಗೆ ಏನು ಹೇಳಿದಳೋ, ಅವನು ಒಪ್ಪಿದ. ಮೂರು ಗಂಟೆಗೆ ಶಾಲೆಯ ವರಾಂಡದ ತುಂಬ ಎಲೆಯ ಚೀಲ, ಹಸಿ ಎಲೆಯ ವಾಸನೆ, ಕೆಸರಿನ ಚಪ್ಪಲಿ. ಅಷ್ಟು ಜನ ಸೇರಿದ ಸಭೆಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ತಲೈವಿ ಪುಸ್ತಕವನ್ನು ನನ್ನ ಕೈಗೆ ಕೊಟ್ಟು ಆ ಠರಾವನ್ನು ಗಟ್ಟಿಯಾಗಿ ಓದಲು ಹೇಳಿದಳು, ತಮಿಳಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ. ಬರೆಯುವಾಗ ಅಷ್ಟು ಚೆಂದವಿದ್ದ ಸಾಲುಗಳು ಓದುವಾಗ ಬಾಯಲ್ಲಿ ತೊಡರಿದವು. ‘ತಾಯಿಯ ಪೂರ್ಣ ಸಮ್ಮತಿಯೊಂದಿಗೆ’ ಎಂದಾಗ ಬಾಗಿಲ ಹತ್ತಿರ ಕೂತಿದ್ದ ತಾಯಿ ತಲೆ ಎತ್ತಿದಳು. ಅದೇ ಮೊದಲ ಸಲ ಅವಳು ಅದನ್ನು ಕೇಳುತ್ತಿದ್ದದ್ದು. ನಾನು ಅವಳ ಕಡೆ ನೋಡದೆ ಕೊನೆಯವರೆಗೆ ಓದಿದೆ.

ಆ ದಿನ ಸಭೆ ಕೂಡಿತ್ತಾ ಎಂದು ತಲೈವಿ ಎಲ್ಲರನ್ನೂ ಕೇಳಿದಳು. ಇಲ್ಲ ಎಂದರು. ಕೂಡದ ಸಭೆಗೆ ತೀರ್ಮಾನವೂ ಇಲ್ಲ, ಅದನ್ನೇ ಮೊದಲು ಬರೆಯಬೇಕು ಎಂದಳು. ಹೆಡ್‌ಮಾಸ್ಟರು ಎದ್ದು, ತಪ್ಪು ತಮ್ಮದೂ ಹೌದು, ಆದರೆ ಠರಾವಿನ ಪ್ರತಿ ಊಟಿಗೆ ಹೋಗಿಯಾಗಿದೆ ಎಂದರು. ಅದು ಹೋದ ದಾರಿಯಲ್ಲೇ ಇನ್ನೊಂದು ಕಾಗದ ಹೋಗಲಿ ಎಂದಳು. ಅವರು ಮತ್ತೂ ಹೇಳಿದರು, ಧ್ವನಿಯಲ್ಲಿ ಹಟವಿರಲಿಲ್ಲ, ಕಳಕಳಿಯಿತ್ತು: ಹುಡುಗಿಯನ್ನು ಇಲ್ಲೇ ಇಟ್ಟುಕೊಂಡರೆ ಆ ಮೆಟ್ಟಿಲು ಹತ್ತುವುದು ಹೇಗೆ, ಅದಕ್ಕೆ ಕಮಿಟಿ ಏನು ಹೇಳುತ್ತದೆ?

ನ್ಯಾಯವಾದ ಪ್ರಶ್ನೆಯೇ. ಒಬ್ಬರು ಮೆಟ್ಟಿಲಿಗೆ ಕಂಬಿ ಹಾಕಿಸೋಣ ಎಂದರು, ಇನ್ನೊಬ್ಬರು ಇಳಿಜಾರು ದಾರಿ ಮಾಡಿಸಲು ಅರ್ಜಿ ಹಾಕೋಣ ಎಂದರು. ಅರ್ಜಿ ಎಂದ ತಕ್ಷಣ ಎಲ್ಲರೂ ನನ್ನ ಕಡೆ ನೋಡಿದರು. ಅರ್ಜಿ ಹೋಗಿ, ಮಂಜೂರಾಗಿ, ಸಿಮೆಂಟು ಬರುವ ಹೊತ್ತಿಗೆ ಹುಡುಗಿ ಐದನೆಯ ಕ್ಲಾಸು ದಾಟಿರುತ್ತಾಳೆ ಎಂಬುದು ನನಗೆ ಗೊತ್ತಿತ್ತು. ತಲೈವಿ ಸ್ವಲ್ಪ ಹೊತ್ತು ಹೆಡ್‌ಮಾಸ್ಟರ ಕೋಣೆಯ ಕಡೆ ನೋಡುತ್ತಿದ್ದಳು.

"ಸಾರ್, ನಿಂಗಳ ಮೇಜಿಗೆ ಮೆಟ್ಟಿಲು ಹತ್ತಕ್ಕೆ ಆಗುತ್ತಾ?" ಎಂದು ಕೇಳಿದಳು.

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದಾಗ ನನಗೆ ನನ್ನ ತಲೆ ಚಚ್ಚಿಕೊಳ್ಳಬೇಕೆನಿಸಿತು. ಸಾಹೇಬರ ಜೀಪು ಬಂದು ನಿಲ್ಲುವ ಕಡೆಗೇ ಆಫೀಸು ಇರಬೇಕೆಂದು ಯಾರೋ ಯಾವ ಕಾಲದಲ್ಲೋ ಅಂದುಕೊಂಡಿದ್ದರು. ನಾವು ಅದನ್ನು ಗೋಡೆಯಷ್ಟೇ ಗಟ್ಟಿ ಎಂದು ನಂಬಿದ್ದೆವು. ಹುಡುಗಿಯನ್ನು ಊಟಿಗೆ ಕಳಿಸುವುದು ಹೊಳೆಯಿತು, ಮೇಜನ್ನು ಮೇಲಕ್ಕೆ ಸಾಗಿಸುವುದು ಹೊಳೆಯಲಿಲ್ಲ. ಹೆಡ್‌ಮಾಸ್ಟರು ತಮ್ಮ ಕೋಣೆಯತ್ತ ತಿರುಗಿ ನೋಡಿದರು. ಆಮೇಲೆ ಮನಸಾರೆ ನಕ್ಕು, ಮೇಜಿಗೆ ನಾಲ್ಕು ಜನ ಸಾಕು, ಬೀರುವಿಗೆ ಆರು ಬೇಕಾಗಬಹುದು ಎಂದರು. ಸೋಮವಾರದಿಂದಲೇ ಮೂರನೆಯ ಕ್ಲಾಸು ಕೆಳಗೆ, ಮೇಲೆ ಖಾಲಿಯಾದ ಕೋಣೆಗೆ ತಾವು. ಮುಂದಿನ ವರ್ಷ ನಾಲ್ಕನೆಯ ಕ್ಲಾಸು ಕೆಳಗಿಳಿಯಲಿ, ಅದರ ಮುಂದಿನ ವರ್ಷ ಐದನೆಯದು, ಹುಡುಗಿ ಇರುವಷ್ಟು ಕಾಲ ಅವಳ ಕ್ಲಾಸು ಕೆಳಗೇ ಎಂದರು. ಆ ಮನುಷ್ಯನ ಮೇಲೆ ನನಗೆ ಆ ದಿನ ಹುಟ್ಟಿದ ಗೌರವ ಇನ್ನೂ ಹಾಗೇ ಇದೆ.

ಇಷ್ಟಾದರೂ ತಲೈವಿ ಬರೆಯಲು ಹೇಳಲಿಲ್ಲ. ಹೆತ್ತವಳು ಇನ್ನೂ ಮಾತಾಡಿಲ್ಲ, ಉಪಾಧ್ಯಕ್ಷೆಯೂ ಮಾತಾಡಿಲ್ಲ, ಇಬ್ಬರೂ ಹೇಳಲಿ, ಆಮೇಲೆ ಬರೆಯೋಣ ಎಂದಳು. ಇಬ್ಬರೂ ಒಬ್ಬಳೇ ಎಂದು ಯಾರೋ ನಕ್ಕರು. ತಾಯಿ ಗೋಡೆ ಹಿಡಿದು ಎದ್ದು ನಿಂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಡಿಸುತ್ತಾ ಮಾತಾಡಿದಳು. ಮಗಳು ದಿನವೂ ಸಂಜೆ ಎರಡನೆಯ ಕ್ಲಾಸಿನ ಹಳೆಯ ಪುಸ್ತಕವನ್ನೇ ಮತ್ತೆ ಮತ್ತೆ ಓದುತ್ತಾಳೆ, ಹೊಸದು ಕೊಡಿ ಎಂದು ಕೇಳುತ್ತಾಳೆ. ಹಾಸ್ಟೆಲಿಗೆ ಹೋಗು ಎಂದಾಗ ಅಳಲಿಲ್ಲ, ನಾನು ಭಾರವಾದೆನಾ ಎಂದು ಕೇಳಿದಳು. ಅವಳು ಇಲ್ಲೇ ಓದಬೇಕು, ಇದೇ ಶಾಲೆಯಲ್ಲಿ. ಇಷ್ಟು ಹೇಳಿ ಕೂತಳು. ನನಗೆ ಕಣ್ಣು ತುಂಬಿತು, ಮುಚ್ಚಿಕೊಳ್ಳಲು ಪೆನ್ನಿನ ಮುಚ್ಚಳ ಹುಡುಕಿದೆ.

ಬರೆಯತೊಡಗಿದೆ. ಈ ಸಲ ಅಲಂಕಾರ ಬೇಡ ಎಂದು ನನಗೇ ಎಚ್ಚರ ಹೇಳಿಕೊಂಡು, ಹಿಂದಿನ ಠರಾವಿಗೆ ಸಭೆಯೇ ನಡೆದಿರಲಿಲ್ಲವೆಂದು ಬರೆದೆ, ಕೋಣೆ ಬದಲಾಯಿಸುವುದನ್ನು ಬರೆದೆ. ಕೊನೆಗೆ ಹುಡುಗಿಯ ವಿಷಯ. ಇಷ್ಟು ವರ್ಷ ಅರ್ಜಿ ಬರೆದ ಕೈ. ತನ್ನ ಪಾಡಿಗೆ ತಾನು ಓಡಿತು. ಬರೆದು ಮುಗಿಸಿ, ಎಲ್ಲರಿಗೂ ಕೇಳುವ ಹಾಗೆ ಓದಿ, ತಾಯಿಗಾಗಿ ಕೊನೆಯ ಸಾಲನ್ನು ಕನ್ನಡದಲ್ಲಿ ಹೇಳಿದೆ: ಈ ಮಗುವನ್ನು ಇದೇ ಶಾಲೆಯಲ್ಲಿ ಓದಲು ಅನುಮತಿಸಬೇಕೆಂದು ಅವಳ ತಾಯಿ ದಯವಿಟ್ಟು ಕೇಳಿಕೊಳ್ಳುತ್ತಾಳೆ.

ಪೆನ್ನನ್ನು ಅವಳ ಕಡೆ ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ. ತಲೈವಿಯ ಮುಖ ನೋಡಿದಳು. ತಲೈವಿ ಕಾದಳು. ಆಗ ಅವಳು ನನ್ನ ಕಡೆ ತಿರುಗಿದಳು.

"ನಾ ಕೇಳ್ಕಂಡಿಲ್ಲ ಕನಣ್ಣ," ಎಂದಳು. "ಇಲ್ಲೇ ಓದ್ತಳೆ ಅಂತ ಹೇಳ್ದೆ. ಅಷ್ಟೇ ಬರ್ಕೊ."